ಹಗ್ಗದ ಮೇಲೆ ಒಣಗಿದ ಹೆಸರುಗಳು

ಅವರ ಎಡಗೈಯ ತೋರುಬೆರಳು ಎರಡನೆಯ ಗೆಣ್ಣಿಗೇ ಮುಗಿದುಹೋಗಿತ್ತು. ಮುಗಿದ ಜಾಗದಲ್ಲಿ ಚರ್ಮ ನುಣ್ಣಗೆ, ಗುಂಡಗೆ ಕೂಡಿಕೊಂಡು ಹೊಳೆಯುತ್ತಿತ್ತು. ಬಲಗೈಯಲ್ಲಿ ಯಾವಾಗಲೂ ಪೆನ್ಸಿಲ್ ಹಿಡಿದಿರುತ್ತಿದ್ದುದರಿಂದ ಕಂಪ್ಯೂಟರಿನ ಪರದೆಯ ಮೇಲೆ ಏನನ್ನಾದರೂ ತೋರಿಸಬೇಕಾದರೆ ಆ ಅರ್ಧ ಬೆರಳನ್ನೇ ಚಾಚುತ್ತಿದ್ದರು. ಬೆರಳು ಗಿಡ್ಡ, ಹಾಗಾಗಿ ಕೈ ಪರದೆಗೆ ತೀರ ಹತ್ತಿರ ಹೋಗಿ ಗಾಜಿನ ಮೇಲೆ ಒಂದು ದುಂಡನೆಯ ಗುರುತು ಉಳಿಯುತ್ತಿತ್ತು. ಭಾನುವಾರ ತರಗತಿ ಮುಗಿದ ಮೇಲೆ ಪರದೆಗಳನ್ನು ಒರೆಸುವುದು ನನ್ನ ಪಾಲಿನ ಕೆಲಸ. ಗುರುತುಗಳು ಎಲ್ಲೆಲ್ಲಿವೆ ಎಂದು ನೋಡಿದರೆ ಸಾಕು, ಆ ವಾರ ನಾನು ಎಲ್ಲೆಲ್ಲಿ ತಪ್ಪಿದ್ದೇನೆಂದು ಗೊತ್ತಾಗುತ್ತಿತ್ತು.

ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಸ್ಟೋರ್ ಸಾರ್ ಎಂದು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು, ನಿವೃತ್ತರಾದ ಮೇಲೆ ಅತ್ತಿಗುಪ್ಪೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ನಟ್ಟು, ಬೋಲ್ಟು, ಬೇರಿಂಗು, ಬೆಲ್ಟುಗಳನ್ನು ಖಾನೆಗಳಲ್ಲಿ ಜೋಡಿಸಿ, ಪ್ರತಿ ಖಾನೆಗೂ ಹೆಸರಿನ ಚೀಟಿ ಅಂಟಿಸಿ, ಕೇಳಿದವರಿಗೆ ಕೇಳಿದ್ದನ್ನೇ ಕೊಡುವುದು ಅವರ ಕಸುಬಾಗಿತ್ತು. ಕೇಳಿದ್ದನ್ನೇ ಎಂಬ ಮಾತನ್ನು ಅವರು ಸ್ವಲ್ಪ ಒತ್ತಿ ಹೇಳುತ್ತಿದ್ದರು.

ನಮ್ಮ ತರಗತಿ ನಡೆಯುತ್ತಿದ್ದದ್ದು ಮಾರೇನಹಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ. ಎಂಟು ಹಳೆಯ ಕಂಪ್ಯೂಟರುಗಳು, ಕೀಲಿಮಣೆಗಳ ಮೇಲೆ ಯಾವಾಗಲೂ ತೆಳ್ಳಗೆ ರಾಗಿಹಿಟ್ಟು. ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರಿಗೆ ಅಲ್ಲಿ ಯಂತ್ರದ ಭಾಗಗಳ ಚಿತ್ರ ಬರೆಯುವ ಒಂದು ತಂತ್ರಾಂಶವನ್ನು ಕಲಿಸುತ್ತಿದ್ದೆವು. ಆ ತಂತ್ರಾಂಶಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ತಮ್ಮ ಭಾಷೆಗೆ ತರಬಹುದು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕೂತವರು ಬಿಡುವಿನಲ್ಲಿ ಅದನ್ನು ಬೆಳೆಸುತ್ತಿದ್ದರು. ಕನ್ನಡಕ್ಕೆ ತರುವ ತಂಡದಲ್ಲಿ ನಾಲ್ಕು ಜನ ಇದ್ದೆವು, ಮುಖ್ಯಸ್ಥೆ ನಾನು. ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳಾದ್ದರಿಂದ ಪದಗಳ ವಿಷಯದಲ್ಲಿ ನನ್ನ ಮಾತಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಇರಬೇಕಾಗಿತ್ತು.

ಸ್ಟೋರ್ ಸಾರ್ ನಮ್ಮಲ್ಲಿಗೆ ಬಂದದ್ದು ರಾಗಿ ಬೀಸಿಸಲು ಬಂದಾಗ. ಕೆಳಗೆ ಸರದಿ ಉದ್ದ ಇತ್ತು. ಡಬ್ಬಿಯನ್ನು ಸಾಲಿನಲ್ಲಿಟ್ಟು, ಮೇಲೆ ಏನು ನಡೆಯುತ್ತಿದೆ ನೋಡೋಣ ಎಂದು ಮೆಟ್ಟಿಲು ಹತ್ತಿದರು. ಕೊನೆಯ ಕಂಪ್ಯೂಟರಿನ ಮುಂದೆ ಕೂತು ಎರಡು ಗಂಟೆ ಮೆನುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಮುಂದಿನ ಮೂರು ಭಾನುವಾರಗಳೂ ಬಂದರು. ನಾಲ್ಕನೆಯ ಭಾನುವಾರ ಹೋಗುವಾಗ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಗೀಟು ಹೊಡೆದು ಮೂರು ಅಂಕಣ ಮಾಡಿದ್ದರು. ಪರದೆಯ ಮೆನುವಿನಲ್ಲಿ ಇರುವ ಹೆಸರು, ಒತ್ತಿದ ಮೇಲೆ ಬರುವ ಪೆಟ್ಟಿಗೆಯಲ್ಲಿ ಇರುವ ಹೆಸರು, ನಾವು ಅಚ್ಚು ಹಾಕಿಸಿದ್ದ ಕೈಪಿಡಿಯಲ್ಲಿ ಇರುವ ಹೆಸರು. ಒಂದೇ ಕೆಲಸಕ್ಕೆ ಮೂರು ಕಡೆ ಮೂರು ಹೆಸರು ಇದ್ದ ಮೂವತ್ತು ಮೂವತ್ತೈದು ಸಾಲುಗಳು ಅದರಲ್ಲಿ ಇದ್ದವು.

"ಮೇಡಂ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ," ಎಂದರು. "ಒಂದು ಸ್ಪ್ಯಾನರ್‌ಗೆ ಮೂರು ಹೆಸರು ಇಡೋ ಅಷ್ಟು ಚೆನ್ನಾಗಿದೆ."

ನನಗೆ ಮೈ ಉರಿದುಹೋಯಿತು. ಒಂದೇ ಪದವನ್ನು ಪಕ್ಕಪಕ್ಕದಲ್ಲಿ ಎರಡು ಸಲ ಬಳಸುವವನಿಗೆ ಬರೆಯಲು ಬರುವುದಿಲ್ಲ ಎಂದು ನಮ್ಮ ಹೈಸ್ಕೂಲಿನ ಮೇಷ್ಟರು ಕಿವಿ ಹಿಂಡಿ ಕಲಿಸಿದ್ದರು. ನಾನೂ ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಪುನರುಕ್ತಿ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವವಳೇ. ಅಳಿಸು ಎಂದು ಒಂದು ಕಡೆ ಬರೆದರೆ ಇನ್ನೊಂದು ಕಡೆ ತೆಗೆದುಹಾಕು, ಮತ್ತೊಂದು ಕಡೆ ನಿವಾರಿಸು. ನಮ್ಮ ಭಾಷೆಗೇನು ಬಡತನವೇ? ಬಡತನವಿಲ್ಲವೆಂದು ತೋರಿಸುವ ಹುಮ್ಮಸ್ಸಿನಲ್ಲಿ ನಾನು ಆ ತಂತ್ರಾಂಶದ ತುಂಬ ಸಮಾನಾರ್ಥಕ ಪದಗಳನ್ನು ಮದುವೆಮನೆಯಲ್ಲಿ ಅಕ್ಷತೆ ಎರಚಿದಂತೆ ಎರಚಿದ್ದೆ. ಬೋಲ್ಟು ಎಣಿಸುತ್ತಿದ್ದವರು ಬಂದು ನನಗೆ ಕನ್ನಡ ಹೇಳಿಕೊಡುವುದೇ ಎಂದುಕೊಂಡು, ನಗುನಗುತ್ತಲೇ ಹಾಳೆ ತೆಗೆದುಕೊಂಡು ಮೇಜಿನ ಖಾನೆಗೆ ತಳ್ಳಿದೆ.

ಆಗ ನಮ್ಮಲ್ಲಿ ಮಾದೇವಿ ಎಂಬುವಳು ಕಲಿಯುತ್ತಿದ್ದಳು. ವಿಜಯಪುರದ ಕಡೆಯವಳು, ಹೆಗ್ಗನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಡ್ರಿಲ್ಲಿಂಗ್ ಯಂತ್ರದ ಮುಂದೆ ಆರು ವರ್ಷದಿಂದ ನಿಂತೇ ದುಡಿದವಳು. ಕಾಲಿನ ನರಗಳು ಗಂಟುಗಟ್ಟಿದ್ದವು, ತರಗತಿಗೆ ಬಂದರೆ ಮೊದಲು ಚಪ್ಪಲಿ ಬಿಟ್ಟು ಪಾದ ನೀವಿಕೊಳ್ಳುತ್ತಿದ್ದಳು. ಅವಳ ಮಾಲೀಕರು ಒಂದು ಮಾತು ಕೊಟ್ಟಿದ್ದರು: ಆ ಭಾಗದ ಸಣ್ಣ ವರ್ಕ್‌ಶಾಪ್‌ನವರೆಲ್ಲ ಸೇರಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಚಿತ್ರ ಬರೆಯುವ ಕುರ್ಚಿ ಅವಳದು. ಕುರ್ಚಿ ಎನ್ನುವ ಪದವನ್ನು ಮಾದೇವಿ ಹೇಳುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ.

ಪರೀಕ್ಷೆಗೆ ಹನ್ನೊಂದು ಜನ ಕೂತರು, ಆರು ಜನ ಬಿದ್ದರು. ಬಿದ್ದವರಲ್ಲಿ ಮಾದೇವಿಯೂ ಒಬ್ಬಳು. ಕೈಪಿಡಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬರೆಯುವ ಪರೀಕ್ಷೆ ಅದು. ಚಿತ್ರದಲ್ಲಿ ತಪ್ಪಾಗಿದ್ದ ಎರಡು ತೂತುಗಳನ್ನು ಅಳಿಸಿ, ಹೊಸ ಜಾಗದಲ್ಲಿ ಬರೆಯಬೇಕಿತ್ತು. ಕೈಪಿಡಿಯಲ್ಲಿ 'ತೆಗೆದುಹಾಕು' ಒತ್ತಿರಿ ಎಂದಿತ್ತು. ಪರದೆಯಲ್ಲಿ ಆ ಹೆಸರೇ ಇಲ್ಲ. ಒಂದೊಂದು ಮೆನು ತೆರೆದು ಹುಡುಕಿದಳು. ಕೊನೆಗೆ ಧೈರ್ಯ ಮಾಡಿ 'ಅಳಿಸು' ಒತ್ತಿದರೆ, 'ನಿವಾರಿಸಬೇಕೇ?' ಎಂದು ಒಂದು ಪೆಟ್ಟಿಗೆ ಎದ್ದು ಬಂತು. ಮೂರನೆಯ ಹೆಸರು ಕಂಡು ಹೆದರಿ 'ಬೇಡ' ಒತ್ತಿದಳು. ಮತ್ತೆ ಹುಡುಕಿದಳು. ಸಮಯ ಮುಗಿಯಿತು.

ಹೊರಗೆ ಬಂದು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಪುಸ್ತಕದಾಗ ಬ್ಯಾರೆ ಹೆಸರೈತಿ, ಇಲ್ಲಿ ಬ್ಯಾರೆ ಐತ್ರೀ ಮೇಡಂ. ಹೆಸರು ಬ್ಯಾರೆ ಅಂದ ಮ್ಯಾಲೆ ಕೆಲಸಾನೂ ಬ್ಯಾರೆ ಅಂತ ತಿಳಕೊಂಡೆ," ಎಂದಳು. "ನಂದೇ ತಪ್ಪೇನ್ರೀ?"

ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಅದರಲ್ಲೂ ಆಗದಿದ್ದರೆ ಹೊರಗಿನವರನ್ನು ಕರೆತರುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ನಾನು ಮೇಜಿನ ಖಾನೆ ಎಳೆದು ಆ ಹಾಳೆ ತೆಗೆದೆ. ಅಳಿಸು, ತೆಗೆದುಹಾಕು, ನಿವಾರಿಸು ಏಳನೆಯ ಸಾಲಿನಲ್ಲಿ ಇದ್ದವು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಟಿಪ್ಪಣಿ: 'ಇಲ್ಲಿ ಜನ ನಿಲ್ಲುತ್ತಾರೆ.'

ನಾಚಿಕೆಯಾಯಿತು. ಹೀಗೆ ಒಂದು ಪದದಲ್ಲಿ ಬರೆದರೆ ಸಣ್ಣದಾಗಿ ಕಾಣುತ್ತದೆ, ಆದರೆ ಅದು ಸಣ್ಣದಾಗಿರಲಿಲ್ಲ.

ಹಾಳೆ ಹಿಡಿದುಕೊಂಡು ಅತ್ತಿಗುಪ್ಪೆಯ ಅವರ ಮನೆಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಇದು ಯಾರ ಮನೆಯೆಂದು ಯಾರಿಗಾದರೂ ತಿಳಿಯುವಂತಿತ್ತು. ಪ್ರತಿ ಸ್ವಿಚ್ಚಿನ ಕೆಳಗೂ ಚೀಟಿ, ಪ್ರತಿ ಬೀಗದ ಕೈಗೂ ಬಿಲ್ಲೆ. ನಮ್ಮೆಲ್ಲರ ಅಡುಗೆಮನೆಗಳಲ್ಲಿ ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ತೊಗರಿಬೇಳೆ ಇರುತ್ತದೆ, ಅದು ನಮಗೆ ಅಭ್ಯಾಸವಾಗಿಹೋಗಿದೆ. ಅವರ ಮನೆಯಲ್ಲಿ ಸಕ್ಕರೆ ಡಬ್ಬಿಯಲ್ಲಿ ಸಕ್ಕರೆಯೇ ಇತ್ತು. ಕಾಫಿ ತಂದ ಅವರ ಹೆಂಡತಿ, ತಮ್ಮ ಹಣೆಗೂ ಒಂದು ಚೀಟಿ ಅಂಟಿಸುವುದೊಂದು ಬಾಕಿ ಇದೆ ಎಂದು ನಕ್ಕರು. ಸ್ಟೋರ್ ಸಾರ್ ಕೂಡ ನಕ್ಕರು. ನಾನು ಹೇಗೆ ಶುರು ಮಾಡಲಿ ಎಂದು ತೊದಲುತ್ತಿದ್ದಾಗ ಅವರೇ ಎಡಗೈಯನ್ನು ಮೇಜಿನ ಮೇಲೆ ಇಟ್ಟರು.

ಆ ಬೆರಳಿನ ಕಥೆಯನ್ನು ಅವರು ಹೇಳಿದ್ದು ಅದೊಂದೇ ಸಲ. ಮೊದಲು ಅವರು ಸ್ಟೋರಿನಲ್ಲಿ ಇರಲಿಲ್ಲವಂತೆ, ಗ್ರೈಂಡಿಂಗ್ ಯಂತ್ರದ ಮೇಲೆ ಇದ್ದರಂತೆ. ಉಜ್ಜುವ ಚಕ್ರಗಳಿಗೆ ಒಂದು ಪಾಳಿಯವರು ಇಟ್ಟ ಹೆಸರು ಒಂದು, ಇನ್ನೊಂದು ಪಾಳಿಯವರದು ಬೇರೆ. ತಾವು ಕೇಳಿದ್ದು ಹೆಚ್ಚು ವೇಗವನ್ನು ತಾಳುವ ಚಕ್ರ. ಸ್ಟೋರಿನಿಂದ ಬಂದದ್ದು ತಾಳದ್ದು. ಅದು ಸಿಡಿಯಿತು. ಗಾಯ ವಾಸಿಯಾದ ಮೇಲೆ ಕಾರ್ಖಾನೆಯವರು ಯಾವ ವಿಭಾಗ ಬೇಕು ಎಂದು ಕೇಳಿದಾಗ ಸ್ಟೋರ್ ಕೊಡಿ ಎಂದರಂತೆ.

"ಅಲ್ಲಿದ್ದೋರು ಕೆಟ್ಟೋರಲ್ಲ ಮೇಡಂ. ಸಾಮಾನೂ ಕೆಟ್ಟದ್ದಲ್ಲ," ಎಂದರು. "ಹೆಸರು ಎರಡಿತ್ತು, ಅಷ್ಟೆ."

ಬೈಯಲಿಲ್ಲ. ಹಾಳೆಯನ್ನು ಯಾವಾಗ ನೋಡಿದಿರಿ ಎಂದೂ ಕೇಳಲಿಲ್ಲ. ಮುಂದಿನ ಭಾನುವಾರ ಸ್ವಲ್ಪ ಬೇಗ ಬರುತ್ತೇನೆ ಎಂದರು.

ಬಂದರು. ಜೊತೆಯಲ್ಲಿ ಕಾರ್ಖಾನೆಯ ಕಾಲದ ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಬೀಗ, ಒಂದು ಕಟ್ಟು ದಪ್ಪ ಕಾಗದದ ಕಾರ್ಡು, ಬಟ್ಟೆ ಒಣಹಾಕುವ ನೀಲಿ ನೈಲಾನ್ ಹಗ್ಗ, ಒಂದು ಚೀಲದ ತುಂಬ ಕ್ಲಿಪ್ಪುಗಳು. ಹಗ್ಗವನ್ನು ಹಾಲಿನ ಈ ಕಿಟಕಿಯಿಂದ ಆ ಕಿಟಕಿಗೆ ಬಿಗಿದು ಕಟ್ಟಿದರು. ಕ್ರಮ ಹೀಗಿತ್ತು. ತಂತ್ರಾಂಶದ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಮೇಲೆ ದಪ್ಪಕ್ಷರದಲ್ಲಿ ಹೆಸರು ಮಾತ್ರ, ವಿವರಣೆ ಇಲ್ಲ. ಕಾರ್ಡು ಹಗ್ಗದ ಮೇಲೆ ಒಂದು ವಾರ ನೇತಾಡಬೇಕು. ಅದನ್ನು ನೋಡಿದವರನ್ನು, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಬೇಕು. ಸರಿ ಹೇಳಿದರೆ ಹಿಂಬದಿಯಲ್ಲಿ ಒಂದು ಗೀಟು, ತಪ್ಪು ಹೇಳಿದರೆ ಒಂದು ಸೊನ್ನೆ. ಹತ್ತರಲ್ಲಿ ಎಂಟು ಗೀಟಾದರೆ ಹೆಸರು ಒಣಗಿದಂತೆ, ಪೆಟ್ಟಿಗೆಗೆ ಹೋಗುತ್ತದೆ. ಇಲ್ಲವಾದರೆ ಅದು ಇನ್ನೂ ಹಸಿ, ಹೊಸ ಕಾರ್ಡಿನಲ್ಲಿ ಬೇರೆ ಹೆಸರು ಬರೆಯಬೇಕು. ಈ ಮರದ ಪೆಟ್ಟಿಗೆಯಲ್ಲಿರುವ ಹೆಸರನ್ನೇ ಮೆನುವಿನಲ್ಲೂ, ಒತ್ತಿದ ಮೇಲೆ ಏಳುವ ಪ್ರಶ್ನೆಯಲ್ಲೂ, ಕೈಪಿಡಿಯಲ್ಲೂ ಬರೆಯಬೇಕು. ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ.

ಮೇಲೆ ಹತ್ತಿ ಬರುವವರು ಸಾಲದಾದಾಗ ಕೆಳಗೆ ಗಿರಣಿಯ ಸರದಿಯಲ್ಲಿ ನಿಂತವರನ್ನೂ ಕರೆಯುತ್ತಿದ್ದರು. ಅಲ್ಲಿಯೇ ನನ್ನ ಸೊಕ್ಕು ಪೂರ್ತಿ ಇಳಿದದ್ದು. ಒಂದು ಆಕೃತಿಯನ್ನು ತಿರುಗಾಮುರುಗಾ ಮಾಡಿ ಇನ್ನೊಂದು ಬದಿಗೆ ನಕಲು ಮಾಡುವ ಕೆಲಸಕ್ಕೆ ನಾನು 'ಪ್ರತಿಬಿಂಬಿಸು' ಎಂದು ಬರೆದಿದ್ದೆ. ಗೋಧಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಒಬ್ಬ ಆಂಟಿ ಅದನ್ನು ಎರಡು ಸಲ ಓದಿ, ಇದು ಭಾಷಣ ಮಾಡುವವರ ಪದ ಅಲ್ಲವೇ ಎಂದು ಕೇಳಿದರು. ಆರು ಸೊನ್ನೆ ಬಿತ್ತು. 'ಕನ್ನಡಿ ನಕಲು' ಎಂದು ಬರೆದು ನೇತುಹಾಕಿದೆವು. ಅದೇ ಆಂಟಿ ಮುಂದಿನ ವಾರ ಬಂದು, ಅಂಗೈ ಎರಡನ್ನೂ ಎದುರುಬದುರು ಹಿಡಿದು ತೋರಿಸಿದರು. ಸ್ಟೋರ್ ಸಾರ್ ಅವರ ಗೀಟನ್ನು ಸ್ವಲ್ಪ ಉದ್ದವಾಗಿಯೇ ಎಳೆದರು.

ಹಾಗೆಂದು ಅವರೊಬ್ಬ ಸಾಧು ಎಂದು ಯಾರೂ ತಿಳಿಯಬಾರದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತರಗತಿಯಲ್ಲಿ ಯಾರಾದರೂ ಅದನ್ನ ಒತ್ತಿ, ಇದನ್ನ ಎಳೀರಿ ಎಂದರೆ ಮುಗಿಯಿತು. ಅದು ಇದು ಎಂಬ ಸಾಮಾನು ತಮ್ಮ ಸ್ಟೋರಿನಲ್ಲಿ ಇಲ್ಲ ಎಂದು ಮುಖ ತಿರುಗಿಸುತ್ತಿದ್ದರು. ಹುಡುಗರು ಅವರನ್ನು ಕೆಣಕಲೆಂದೇ ಟೀ ಅಂಗಡಿಯಲ್ಲಿ, ಸಾರ್‌ಗೆ ಅದೊಂದು ಕೊಡಿ ಎನ್ನುತ್ತಿದ್ದರು. ಒಮ್ಮೆ ನಾನು ಪೆಟ್ಟಿಗೆಗೆ ಹೋಗಿ ಕೂತಿದ್ದ 'ಪದರ' ಎಂಬ ಹೆಸರನ್ನು ಇನ್ನೂ ಚೆಂದವಾಗಿದೆಯೆಂದು ಸದ್ದಿಲ್ಲದೆ 'ಸ್ತರ' ಎಂದು ಬದಲಾಯಿಸಿದೆ. ಅವರಿಗೆ ತಿಳಿಯಿತು. ಒಣಗಿದ್ದನ್ನು ಮತ್ತೆ ನೆನೆಸುವವರ ಜೊತೆ ಕೆಲಸ ಮಾಡಲಾರೆ ಎಂದು ಎರಡು ಭಾನುವಾರ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ಮೂರನೆಯ ಭಾನುವಾರ ಮಾದೇವಿ ಇಬ್ಬರಿಗೂ ಟೀ ತಂದು ಮೇಜಿನ ಮೇಲೆ ಇಟ್ಟು, ನಾವು ಹೀಗೆ ಮುನಿಸಿಕೊಂಡು ಕೂತರೆ ತನ್ನ ಕುರ್ಚಿಯ ಗತಿಯೇನು ಎಂದು ಕೇಳಿದಳು. 'ಪದರ' ಮರಳಿ ಬಂತು.

ಮೂರು ತಿಂಗಳಲ್ಲಿ ಎರಡೂವರೆ ಕಳೆಯಿತು. ಕಾರ್ಡುಗಳು ಪೆಟ್ಟಿಗೆಯಲ್ಲಿ ತುಂಬಿದವು. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ತಂತ್ರಾಂಶವನ್ನು ಬೆಳೆಸುವವರಿಂದ ಸುದ್ದಿ ಬಂತು. ಹೊಸ ಆವೃತ್ತಿಯಲ್ಲಿ ಒಂದು ಹೊಸ ಕೆಲಸ ಸೇರಿಸಿದ್ದಾರೆ: ಒಂದು ಗೆರೆ ಇನ್ನೊಂದನ್ನು ದಾಟಿ ಹೊರಗೆ ಚಾಚಿಕೊಂಡಿದ್ದರೆ, ದಾಟಿದ ಭಾಗವನ್ನಷ್ಟೇ ಕತ್ತರಿಸುವುದು. ಎಲ್ಲ ಭಾಷೆಯವರೂ ಮೂರು ದಿನದಲ್ಲಿ ಹೆಸರು ಕಳಿಸಬೇಕು. ಕಳಿಸದಿದ್ದರೆ ಆ ಜಾಗದಲ್ಲಿ ಇಂಗ್ಲಿಷೇ ಉಳಿಯುತ್ತದೆ. ಪರೀಕ್ಷೆ ನಡೆಯುವುದು ಇದೇ ಹೊಸ ಆವೃತ್ತಿಯಲ್ಲಿ, ಮತ್ತು ಈ ಕೆಲಸ ಪರೀಕ್ಷೆಯ ಚಿತ್ರದಲ್ಲಿ ಬಂದೇ ಬರುತ್ತದೆ.

ಅವತ್ತು ಶನಿವಾರ, ಮಧ್ಯಾಹ್ನ. ಹಾಲಿನಲ್ಲಿ ಇದ್ದದ್ದು ನಾನು, ಸ್ಟೋರ್ ಸಾರ್, ಮಾದೇವಿ ಮೂವರೇ. ನಾನು 'ಛೇದಿಸು' ಎಂದೆ. ಸ್ಟೋರ್ ಸಾರ್ ನನ್ನತ್ತ ನೋಡಿದ ನೋಟಕ್ಕೇ ಆ ಪದ ಸತ್ತಿತು. ಅವರು ಒಂದು ಕಾರ್ಡು ಎಳೆದುಕೊಂಡು 'ಕತ್ತರಿಸು' ಎಂದು ಬರೆದರು. ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಮೂರು ದಿನವೂ ಬೇಡ ಎಂದು ಎದ್ದು ಹಗ್ಗದ ಕಡೆ ನಡೆದರು.

ಮಾದೇವಿ ಕೂತಲ್ಲಿಂದಲೇ ಹೇಳಿದಳು. "ಸರ, ಆ ಹೆಸರಿನ ಕಾರ್ಡ ಪೆಟ್ಟಿಗ್ಯಾಗ ಆಗಲೇ ಐತ್ರೀ. ಒಂದ್ ಕಡೆಯಿಂದ ಕಿತ್ತು ಇನ್ನೊಂದ್ ಕಡೆ ಅಂಟಿಸ್ತೀವಲ್ರೀ, ಆ ಕೆಲಸಕ್ಕ."

ಅವರು ನಿಂತರು. ಸೊಂಟದಿಂದ ಬೀಗದ ಕೈ ತೆಗೆದು ಪೆಟ್ಟಿಗೆ ತೆರೆದು ಹುಡುಕಿದರು. ಇತ್ತು. ತಮ್ಮದೇ ಅಕ್ಷರ, ಹಿಂದೆ ಒಂಬತ್ತು ಗೀಟು. ಜೀವಮಾನವೆಲ್ಲ ಒಂದು ಸಾಮಾನಿಗೆ ಒಂದು ಹೆಸರು ಎಂದು ಬಡಿದುಕೊಂಡವರು ಎರಡು ಸಾಮಾನಿಗೆ ಒಂದೇ ಹೆಸರು ಇಡಲು ಹೊರಟಿದ್ದರು. ನನಗೆ ಒಳಗೊಳಗೆ ಸ್ವಲ್ಪ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅವರಿಗೆ ಮುಖಭಂಗವಾಗುತ್ತದೆ ಎಂದು ಕಾದೆ. ಆದರೆ ಅವರ ಮುಖ ಅರಳಿತು. ಕೈಯಲ್ಲಿದ್ದ ಹೊಸ ಕಾರ್ಡನ್ನು ಹರಿದು ಜೇಬಿಗೆ ಹಾಕಿಕೊಂಡು, ಮಾದೇವಿಯ ಎದುರು ಕುರ್ಚಿ ಎಳೆದು ಕೂತು, ಹಾಗಾದರೆ ನೀನೇ ಹೇಳಮ್ಮ ಎಂದರು.

ಅವಳು ಪರದೆಯ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದು ನೋಡಿದಳು. ಆಮೇಲೆ ಸಂಕೋಚದಿಂದ, ಬೆಂಡೆಕಾಯಿ ಹೆಚ್ಚುವಾಗ ತುದಿ ಚಿವುಟುತ್ತೇವಲ್ಲ, ಇದೂ ಹಾಗೆಯೇ ಕಾಣುತ್ತದೆ ಎಂದಳು. ತುದಿ ಚಿವುಟು. ಅಡುಗೆಮನೆಯ ಮಾತು ಎಂಜಿನಿಯರುಗಳ ತಂತ್ರಾಂಶಕ್ಕೆ ಹೊಂದುತ್ತದೆಯೇ ಎಂದು ನಾನು ಮೂಗು ಮುರಿದೆ. ಸ್ಟೋರ್ ಸಾರ್ ಆಗಲೇ ಕಾರ್ಡು ಬರೆದಾಗಿತ್ತು. "ನಾನೂ ಹೇಳಲ್ಲ, ನೀವೂ ಹೇಳ್ಬೇಡಿ," ಎಂದರು. "ಹಗ್ಗ ಹೇಳ್ಲಿ."

ಆದರೆ ಹಗ್ಗಕ್ಕೆ ಒಂದು ವಾರ ಬೇಕು, ನಮ್ಮಲ್ಲಿ ಇದ್ದದ್ದು ಮೂರು ದಿನ. ಮರುದಿನದ ಭಾನುವಾರ ಹಬ್ಬವೆಂದು ತರಗತಿಯೂ ಇಲ್ಲ, ಗಿರಣಿಯೂ ಇಲ್ಲ, ಸೋಮವಾರ ಗಿರಣಿಗೆ ವಾರದ ರಜೆ. ಅವರು ಹಗ್ಗ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸೋಮವಾರ ಬೆಳಗಿನ ಟೀ ಹೊತ್ತಿಗೆ ನಾವು ಹೆಗ್ಗನಹಳ್ಳಿಯಲ್ಲಿದ್ದೆವು. ಒಂದು ವರ್ಕ್‌ಶಾಪಿನ ಶಟರ್ ಕೊಂಡಿಯಿಂದ ಎದುರಿನ ಟೀ ಅಂಗಡಿಯ ಕಂಬಕ್ಕೆ ಹಗ್ಗ ಕಟ್ಟಿ, ನಟ್ಟನಡುವೆ ಒಂದೇ ಒಂದು ಕಾರ್ಡು ನೇತುಹಾಕಿದರು. ಊಟ ತಲುಪಿಸುವ ಒಬ್ಬ ಹುಡುಗ ಗಾಡಿ ನಿಲ್ಲಿಸಿ, ಇದೇನ್ ಗುರು, ಒಂದೇ ಕರ್ಚೀಫ್ ಒಣಗ್ಹಾಕಿದೀರಾ ಎಂದ. ಅವನಿಗೂ ಪ್ರಶ್ನೆ ಬಿತ್ತು. ಸ್ಟೋರ್ ಸಾರ್ ಒಂದು ರಟ್ಟಿನ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದಿದ್ದರು. ಒಂದರ ತುದಿ ಇನ್ನೊಂದನ್ನು ದಾಟಿ ಹೋಗಿತ್ತು. ತುದಿ ಚಿವುಟು ಒತ್ತಿದರೆ ಯಾವ ಭಾಗ ಹೋಗುತ್ತದೆ, ಬೆರಳಿಟ್ಟು ತೋರಿಸಿ, ಇಷ್ಟೇ ಪ್ರಶ್ನೆ. ಎಣ್ಣೆಮಸಿಯ ಬೆರಳುಗಳು ಒಂದರ ಹಿಂದೆ ಒಂದು ಬಂದು ರಟ್ಟಿನ ಒಂದೇ ಜಾಗವನ್ನು ಒತ್ತಿದವು. ಲೇತಿನವರು, ವೆಲ್ಡಿಂಗಿನವರು, ಟೀ ಅಂಗಡಿಯವರು, ರಾಯಚೂರಿನವರು, ಮಾಗಡಿಯವರು. ಆ ಡೆಲಿವರಿ ಹುಡುಗನೂ ಅಲ್ಲಿಯೇ ಒತ್ತಿ, ಕರೆಕ್ಟಾ ಎಂದು ಕೇಳಿಕೊಂಡು ಹೋದ. ಟೀ ವಿರಾಮ ಮುಗಿಯುವಷ್ಟರಲ್ಲಿ ರಟ್ಟಿನ ಆ ಒಂದು ಜಾಗ ಕಪ್ಪಾಗಿಹೋಗಿತ್ತು. ಕಾರ್ಡಿನ ಹಿಂಬದಿಯಲ್ಲಿ ಒಂದೂ ಸೊನ್ನೆ ಇರಲಿಲ್ಲ.

ಸ್ಟೋರ್ ಸಾರ್ ಕಾರ್ಡನ್ನು ಕ್ಲಿಪ್ಪಿನಿಂದ ಬಿಡಿಸಿ, ಬಿಸಿಲಿಗೆ ಹಿಡಿದು, ನನಗೆ ಕೊಟ್ಟರು. ಒಣಗಿದೆ ಎಂದರು. ಅಲ್ಲಿಯೇ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಮೊಬೈಲಿನಿಂದಲೇ ಆ ಹೆಸರನ್ನು ಕಳಿಸಿದೆ.

ಪರೀಕ್ಷೆಯ ದಿನ ಅವರನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ನೋಟ್‌ಪುಸ್ತಕ ತೆರೆದುಕೊಂಡು ಕೂತರು, ನಾನು ಪಕ್ಕದಲ್ಲಿ. ತರಗತಿಯ ಪ್ರತಿ ಭಾನುವಾರವೂ ಯಾರಾದರೂ ಕೈಯೆತ್ತಿ ಇದು ಎಲ್ಲಿದೆ ಎಂದು ಕೇಳಿದರೆ ಅವರು ಆ ಪುಸ್ತಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಮೊದಲ ಪುಟಗಳು ಸಾಸಿವೆ ಚೆಲ್ಲಿದಂತೆ ಇದ್ದವು. ಅವತ್ತು ಎರಡು ಗಂಟೆ ಕಾಲ ಪೆನ್ಸಿಲ್ ಹಿಡಿದು ಕಾದರು. ನಾನು ಕಿಟಕಿಯಿಂದ ಮಾದೇವಿಯ ಬೆನ್ನನ್ನೇ ನೋಡುತ್ತಿದ್ದೆ. ಕೈಪಿಡಿ ನೋಡುವಳು, ಪರದೆ ನೋಡುವಳು, ಒತ್ತುವಳು. ನಿಲ್ಲಲಿಲ್ಲ. ಯಾರೂ ನಿಲ್ಲಲಿಲ್ಲ. ಒಂದು ಕೈಯೂ ಮೇಲೆ ಏಳಲಿಲ್ಲ. ಸಮಯ ಮುಗಿದಾಗ ಆ ದಿನದ ಪುಟ ಬೆಳ್ಳಗೆ ಇತ್ತು. ಅವರು ಅದರ ಕೆಳಗೆ ಒಂದು ಗೀಟು ಎಳೆದು ಪುಸ್ತಕ ಮುಚ್ಚಿದರು.

ಮಾದೇವಿ ಹೊರಗೆ ಬಂದು ನೇರ ಅವರ ಮುಂದೆ ನಿಂತಳು. "ಎಲ್ಲಾ ಹೆಸರೂ ಎಲ್ಲಿರಬೇಕೋ ಅಲ್ಲೇ ಇದ್ದೂರೀ ಸರ," ಎಂದಳು.

ಹಿಂದೆ ಬಿದ್ದಿದ್ದ ಆರು ಜನ, ಹೊಸದಾಗಿ ಕೂತಿದ್ದ ಐವರು, ಅಷ್ಟೂ ಜನ ತೇರ್ಗಡೆಯಾದರು. ಫಲಿತಾಂಶ ಬಂದ ದಿನ ಗಿರಣಿಯವರು ಯಂತ್ರ ನಿಲ್ಲಿಸಿ ಮೇಲೆ ಬಂದರು. ಹುಡುಗರು ಸ್ಟೋರ್ ಸಾರ್ ಅವರನ್ನು ಕುರ್ಚಿಯ ಸಮೇತ ಎತ್ತಿದರು. ಹಗ್ಗ ತಲೆಗೆ ಸಿಕ್ಕಿಕೊಂಡು ಅವರು ಬೈದದ್ದೂ ಬೈದದ್ದೇ. ವಿಜಯನಗರಕ್ಕೆ ತಾವೇ ಹೋಗಿ ಮೈಸೂರು ಪಾಕ್ ತಂದಿದ್ದರು. ಪೊಟ್ಟಣದ ಮೇಲೆ ಒಳಗೆ ಏನಿದೆಯೆಂದು ಬರೆದುಕೊಡದ ಹೊರತು ಅಂಗಡಿಯಿಂದ ಕದಲಲಿಲ್ಲವಂತೆ, ಅವರ ಜೊತೆ ಹೋಗಿದ್ದ ಹುಡುಗರು ಹೇಳಿ ನಕ್ಕರು. ಅವತ್ತೇ ಅವರು ಇನ್ನೊಂದು ಕೆಲಸ ಮಾಡಿದರು. ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವಾಗ ಹಳೆಯ ಸ್ಟೋರ್ ಕೀಪರ್ ಹೊಸಬನಿಗೆ ಬೀಗದ ಕೈ ಕೊಟ್ಟು, ಇಬ್ಬರೂ ಒಂದು ಪುಸ್ತಕದಲ್ಲಿ ರುಜು ಹಾಕುವುದು ಪದ್ಧತಿ. ನೋಟ್‌ಪುಸ್ತಕದ ಆ ಬಿಳಿಯ ಪುಟದಲ್ಲಿ ಕೊಟ್ಟವರು, ತೆಗೆದುಕೊಂಡವರು ಎಂದು ಬರೆದು, ತಾವು ರುಜು ಹಾಕಿ, ಸೊಂಟದ ಬೀಗದ ಕೈ ಬಿಚ್ಚಿ ಮಾದೇವಿಯ ಅಂಗೈಯಲ್ಲಿ ಇಟ್ಟರು. ನನಗೇ ಕೊಡುತ್ತಾರೆ ಎಂದುಕೊಂಡಿದ್ದೆ. ಒಂದು ಗಳಿಗೆ ಚುಚ್ಚಿತು. ಮರುಗಳಿಗೆ ಚಪ್ಪಾಳೆ ತಟ್ಟಿದವರಲ್ಲಿ ನನ್ನದೇ ಎಲ್ಲಕ್ಕಿಂತ ಜೋರಾಗಿತ್ತು.

ಅದರ ಮುಂದಿನ ಆವೃತ್ತಿ ಹೊರಬರುವಾಗ, ದುಡಿದವರ ಪಟ್ಟಿಯಲ್ಲಿ ಸೇರಿಸಲು ಅವರ ಪೂರ್ತಿ ಹೆಸರು ಕೇಳಿದೆ. ಇಲ್ಲಿ ತಮ್ಮನ್ನು ಎಲ್ಲರೂ ಕರೆಯುವುದು ಒಂದೇ ಹೆಸರಿನಿಂದ, ಅದನ್ನೇ ಬರೆಯಿರಿ, ಎರಡು ಮಾಡಬೇಡಿ ಎಂದರು. ಕನ್ನಡ ತಂಡದ ಕೆಳಗೆ ಇವತ್ತಿಗೂ 'ಸ್ಟೋರ್ ಸಾರ್' ಎಂದೇ ಇದೆ. ಮಲಯಾಳಂ ತಂಡದವರು ನಮ್ಮ ಹಗ್ಗದ ವಿಷಯ ಕೇಳಿ ತಮ್ಮಲ್ಲೂ ಒಂದು ಕಟ್ಟಿದ್ದಾರೆ, ಫೋಟೊ ಕಳಿಸಿದ್ದರು. ಅದನ್ನು ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, ಹಗ್ಗ ಸ್ವಲ್ಪ ಜೋತುಬಿದ್ದಿದೆ, ಬಿಗಿ ಸಾಲದು ಎಂದರು.

ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಓದುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು. ನಾನೂ ಮಾದೇವಿಯೂ ಅವರ ಬೀದಿಗೆ ಹೋದಾಗ ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತಿದ್ದರು. ಫೋಟೊ ಇನ್ನೂ ಮಡಿಕೆಯೊಳಗಿತ್ತು, ಹೆಸರು ಮಾತ್ರ ಕಾಣುತ್ತಿತ್ತು. ಎರಡು ಇನಿಷಿಯಲ್ಲು, ಒಂದು ದೇವರ ಹೆಸರು. ಮಾದೇವಿ ಅದನ್ನು ನಿಧಾನವಾಗಿ ಓದಿ, ಇವತ್ತು ಈ ಬೀದಿಯಲ್ಲಿ ಇನ್ನೂ ಒಬ್ಬರು ಹೋಗಿದ್ದಾರೆ ಎಂದಳು. ಆಮೇಲೆ ಫ್ಲೆಕ್ಸಿನ ಮಡಿಕೆ ಬಿಚ್ಚಿಕೊಂಡಿತು, ಸ್ಟೋರ್ ಸಾರ್ ಮುಖ ಕಂಡಿತು. ನಾವಿಬ್ಬರೂ ಅಲ್ಲಿಯೇ ನಿಂತು ಅತ್ತೆವು. ಈ ಬರಹದಲ್ಲೂ ನಾನು ಆ ಇನ್ನೊಂದು ಹೆಸರನ್ನು ಬರೆದಿಲ್ಲ. ಬರೆದರೆ ಅವರು ಎರಡು ಭಾನುವಾರ ಮಾತು ಬಿಡುತ್ತಾರೆ.

ಪೆಟ್ಟಿಗೆ ಈಗ ಮಾದೇವಿಯ ಮೇಜಿನ ಮೇಲಿದೆ. ವಾರವೆಲ್ಲ ವರ್ಕ್‌ಶಾಪಿನಲ್ಲಿ ಕೂತು ಚಿತ್ರ ಬರೆಯುತ್ತಾಳೆ, ಭಾನುವಾರ ಮಾರೇನಹಳ್ಳಿಗೆ ಬಂದು ಕಲಿಸುತ್ತಾಳೆ. ಕಳೆದ ವಾರ ಹೊಸ ಆವೃತ್ತಿಗಾಗಿ ನಾನೊಂದು ಪದ ಹುಟ್ಟಿಸಿದ್ದೆ. ಎಷ್ಟು ಚೆಂದದ ಪದವೆಂದರೆ ಬರೆದ ಮೇಲೆ ನಾನೇ ನಾಲ್ಕು ಸಲ ಓದಿಕೊಂಡೆ. ಏಳು ದಿನ ನೇತಾಡಿದ ಕಾರ್ಡನ್ನು ಅವಳು ತೆಗೆದು, ಹಿಂಬದಿ ತಿರುಗಿಸಿ, ಪೆನ್ಸಿಲಿನ ತುದಿಯಿಂದ ಗೀಟುಗಳನ್ನೂ ಸೊನ್ನೆಗಳನ್ನೂ ಎಣಿಸಿದಳು.

"ಇನ್ನಾ ಹಸಿ ಐತ್ರೀ ಮೇಡಂ," ಎಂದು ಕಾರ್ಡನ್ನು ನನ್ನ ಕೈಗೆ ಕೊಟ್ಟಳು.

ನಾನು ಹೊಸ ಕಾರ್ಡು ತೆಗೆದುಕೊಂಡೆ.